ಸಿಎನ್ ಟವರ್ ಮೇಲೆ ಊಟ: ಮೇಜಿಗಿಂತ ಮೊದಲು ಹೊತ್ತು ಆರಿಸಿಕೊಳ್ಳಿ

ಟೊರಾಂಟೊದ ಸಿಎನ್ ಟವರ್‌ನಲ್ಲಿ 351 ಮೀಟರ್ ಎತ್ತರದಲ್ಲಿರುವ 360 ರೆಸ್ಟೋರೆಂಟ್‌ಗೆ ಹೋಗಬೇಕೆಂದವರು ಮೊದಲು ಕೇಳುವುದು ಕಿಟಕಿ ಪಕ್ಕದ ಮೇಜು ಸಿಗುತ್ತದೆಯೇ ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಆ ದಿನ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂಬುದು. ಈ ರೆಸ್ಟೋರೆಂಟ್ ಸುತ್ತುತ್ತದೆ. 72 ನಿಮಿಷಕ್ಕೆ ಒಂದು ಸುತ್ತು, ಅಂದರೆ ನಿಮಿಷಕ್ಕೆ 5 ಡಿಗ್ರಿ. ಎಲ್ಲಿ ಕೂತರೂ ಸರೋವರ, ದ್ವೀಪಗಳು, ಬ್ಯಾಂಕುಗಳ ಗೋಪುರಗಳು ಸರದಿಯಂತೆ ನಿಮ್ಮ ಮುಂದೆ ಬರುತ್ತವೆ. ಅವು ಬರುವಾಗ ಬೆಳಕು ಹೇಗಿರಬೇಕು ಎನ್ನುವುದಷ್ಟೇ ನಿಮ್ಮ ಕೈಯಲ್ಲಿದೆ. ಊಟದ ದುಡ್ಡು ಸಾರ್ಥಕವಾಗುವುದೂ ಬಿಡುವುದೂ ಬಹುಮಟ್ಟಿಗೆ ಅದರ ಮೇಲೆಯೇ.

ಮಿಸಿಸಾಗಾ, ಬ್ರಾಂಪ್ಟನ್, ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರ ಮನೆಗಳಿಗೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಅವರನ್ನು ಇಲ್ಲಿಗೆ ಕರೆದುಕೊಂಡು ಹೋಗುವ ಯೋಚನೆ ಇದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದೆ.

ಹೊತ್ತಿನ ಲೆಕ್ಕ

ಸೂರ್ಯಾಸ್ತಕ್ಕೆ ಸುಮಾರು ಒಂದು ಗಂಟೆ ಮೊದಲು ಮೇಜಿಗೆ ಕೂರುವಂತೆ ಬುಕ್ ಮಾಡಿ. ಊಟ ಒಂದೂಮುಕ್ಕಾಲು, ಎರಡು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಮೊದಲ ಸುತ್ತಿನ ಬಹುಭಾಗ ಬೆಳಕಿನಲ್ಲಿ ಮುಗಿಯುತ್ತದೆ. ಎರಡನೆಯದು ಮುಸ್ಸಂಜೆಯಲ್ಲಿ ನಡೆದು, ನಗರದ ದೀಪಗಳು ಹತ್ತಿಕೊಳ್ಳುವುದೂ ಕಾಣಿಸುತ್ತದೆ. ಒಂದೇ ದುಡ್ಡಿಗೆ ಹಗಲು, ಸಂಜೆ, ರಾತ್ರಿ ಮೂರೂ ಸಿಗುವ ದಾರಿ ಇದೊಂದೇ.

ಟೊರಾಂಟೊದಲ್ಲಿ ಸೂರ್ಯಾಸ್ತ ಋತುವಿನೊಂದಿಗೆ ನಾಲ್ಕು ಗಂಟೆಗೂ ಹೆಚ್ಚು ಹಿಂದೆಮುಂದೆ ಆಗುತ್ತದೆ. ಜೂನ್ ಕೊನೆಯ ಭಾಗದಲ್ಲಿ ರಾತ್ರಿ 9ರ ಸುಮಾರಿಗೆ, ಆಗಸ್ಟ್ ಮಧ್ಯದಲ್ಲಿ 8.15ಕ್ಕೆ, ಸೆಪ್ಟೆಂಬರ್ ಮೂರನೇ ವಾರದಲ್ಲಿ 7.15ಕ್ಕೆ, ಅಕ್ಟೋಬರ್ ಕೊನೆಗೆ 6 ದಾಟಿದ ಮೇಲೆ, ಡಿಸೆಂಬರ್‌ನಲ್ಲಿ 4.40ರ ಹೊತ್ತಿಗೇ. ಜೂನ್‌ನಲ್ಲಿ ಸಂಜೆ 6ಕ್ಕೆ ಬುಕ್ ಮಾಡಿದವರು ಉರಿಬಿಸಿಲಿನಲ್ಲಿ ಉಂಡು, ದೀಪ ಹತ್ತುವ ಮೊದಲೇ ಕೆಳಗಿಳಿದಿರುತ್ತಾರೆ. ಡಿಸೆಂಬರ್‌ನಲ್ಲಿ ಅದೇ 6 ಗಂಟೆಗೆ ಹೋದರೆ ಸರೋವರದ ಕಡೆ ಬರೀ ಕಪ್ಪು. ಚಳಿಗಾಲದಲ್ಲಿ ನೀರು, ದ್ವೀಪಗಳನ್ನು ನೋಡಲೇಬೇಕೆಂದರೆ ಮಧ್ಯಾಹ್ನದ ಊಟಕ್ಕೆ ಹೋಗಿ.

ಮುಸ್ಸಂಜೆ ಇಲ್ಲಿ ನಮ್ಮೂರಿಗಿಂತ ಉದ್ದ. ಟೊರಾಂಟೊ 43 ಡಿಗ್ರಿ ಉತ್ತರ ಅಕ್ಷಾಂಶ ದಾಟಿದ ಊರು, ಸೂರ್ಯ ಓರೆಯಾಗಿ ಇಳಿಯುತ್ತಾನೆ. ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲಿ ಬೆಳಕಿರುತ್ತದೆ. ಸೂರ್ಯ ಕಂತಿದ ಕೂಡಲೇ ಬಿಲ್ಲು ತರಿಸಿ ಏಳುವವರು ಇಡೀ ಸಂಜೆಯ ಅತ್ಯಂತ ಚೆಂದದ ಇಪ್ಪತ್ತು ನಿಮಿಷ ಕಳೆದುಕೊಳ್ಳುತ್ತಾರೆ.

ಊರಿಂದ ಬಂದ ಹಿರಿಯರಿಗೆ ರಾತ್ರಿ 8ಕ್ಕೆ ಊಟ ಶುರುಮಾಡಿ 10ಕ್ಕೆ ಮುಗಿಸುವುದು ಕಷ್ಟವಾದೀತು. ಅವರು ಸೆಪ್ಟೆಂಬರ್‌ವರೆಗೂ ಇರುವುದಾದರೆ ಆ ತಿಂಗಳಿಗೇ ಇಟ್ಟುಕೊಳ್ಳಿ. ಸಂಜೆ 6.15ಕ್ಕೆ ಕೂತು 8ಕ್ಕೆ ಏಳಬಹುದು, ಅಷ್ಟರಲ್ಲಿ ಬೇಸಿಗೆ ರಜೆಯ ನೂಕುನುಗ್ಗಲೂ ಇಳಿದಿರುತ್ತದೆ.

ಸೂರ್ಯ ಮುಳುಗುವ ಕ್ಷಣಕ್ಕೆ ನಿಮ್ಮ ಮೇಜು ಪೂರ್ವಕ್ಕೆ ಮುಖ ಮಾಡಿಕೊಂಡಿರಬಹುದು. ಪಶ್ಚಿಮದ ಕಾಲುಭಾಗ ನಿಮ್ಮೆದುರು ಇರುವುದು ಒಂದು ಸುತ್ತಿನಲ್ಲಿ 18 ನಿಮಿಷ ಮಾತ್ರ, ಅದನ್ನು ಮುಂಚಿತವಾಗಿ ಕೇಳಿ ಪಡೆಯಲು ಬರುವುದಿಲ್ಲ. ಇದಕ್ಕೆ ಬೇಸರ ಬೇಡ. ಆ ಹೊತ್ತಿಗೆ ಈಶಾನ್ಯದಲ್ಲಿರುವ ರಾಯಲ್ ಬ್ಯಾಂಕ್ ಪ್ಲಾಜಾದ ಗಾಜುಗಳು ಇಳಿಬಿಸಿಲಿಗೆ ಹೊಳೆಯುತ್ತಿರುತ್ತವೆ. 1970ರ ದಶಕದಲ್ಲಿ ಕಟ್ಟಿದ ಆ ಕಟ್ಟಡದ ಕಿಟಕಿಗಳಿಗೆ ನಿಜವಾದ ಚಿನ್ನದ ಲೇಪವಿದೆ, ಸುಮಾರು 2,500 ಔನ್ಸ್. ಪಡುವಣದ ಆಕಾಶಕ್ಕಿಂತ ಆ ನೋಟವೇ ಒಂದು ಕೈ ಮೇಲು.

ಮೋಡ ಎಷ್ಟು ಕೆಳಗಿದೆ?

ಇಲ್ಲಿ ಎಲ್ಲಕ್ಕಿಂತ ದೊಡ್ಡ ನಿರಾಸೆ ಮಳೆಯಿಂದ ಬರುವುದಿಲ್ಲ, ಕೆಳಮಟ್ಟದ ಮೋಡದಿಂದ ಬರುತ್ತದೆ. ರಸ್ತೆಯಲ್ಲಿ ನಿಂತವರಿಗೆ ಬರೀ ಮಬ್ಬು ದಿನದಂತೆ ಕಾಣುವಾಗಲೂ ಮೇಲೆ ಕಿಟಕಿಯಾಚೆ ಪೂರ್ತಿ ಬಿಳಿ ಇರಬಹುದು. ಸಾಮಾನ್ಯ ಹವಾಮಾನದ ಆ್ಯಪ್ "ಮೋಡ ಕವಿದ ವಾತಾವರಣ" ಎಂದಷ್ಟೇ ಹೇಳುತ್ತದೆ, ಮೋಡದ ತಳ ಎಷ್ಟು ಎತ್ತರದಲ್ಲಿದೆ ಎನ್ನುವುದಿಲ್ಲ.

ಅದು ತಿಳಿಯುವುದು ವಿಮಾನ ನಿಲ್ದಾಣದ ಹವಾಮಾನ ವರದಿಯಿಂದ. ಗೋಪುರದಿಂದ ಎರಡು ಕಿಲೋಮೀಟರ್ ಒಳಗೇ, ದ್ವೀಪದ ಮೇಲೆ ಬಿಲ್ಲಿ ಬಿಷಪ್ ವಿಮಾನ ನಿಲ್ದಾಣವಿದೆ. ಅದರ ಸಂಕೇತ ಸಿವೈಟಿಝಡ್ (CYTZ). ಆ ಸಂಕೇತದೊಂದಿಗೆ "ಮೆಟಾರ್" (METAR) ಎಂದು ಹುಡುಕಿದರೆ ಗಂಟೆಗಂಟೆಯ ವರದಿ ಸಿಗುತ್ತದೆ. ಅದರಲ್ಲಿ ಬಿಕೆಎನ್ (BKN, ಆಕಾಶದ ಬಹುಭಾಗ ಮೋಡ) ಅಥವಾ ಓವಿಸಿ (OVC, ಪೂರ್ತಿ ಮೋಡ) ಅಕ್ಷರಗಳ ಮುಂದೆ ಮೂರು ಅಂಕಿಗಳಿರುತ್ತವೆ. ಅವನ್ನು ನೂರರಿಂದ ಗುಣಿಸಿದರೆ ಮೋಡದ ತಳದ ಎತ್ತರ ಅಡಿಗಳಲ್ಲಿ ಬರುತ್ತದೆ. ಓವಿಸಿ 008 ಎಂದರೆ 800 ಅಡಿಯಲ್ಲಿ ಆಕಾಶ ಪೂರ್ತಿ ಮುಚ್ಚಿದೆ ಎಂದರ್ಥ. ರೆಸ್ಟೋರೆಂಟ್ ಇರುವುದು ಸುಮಾರು 1,150 ಅಡಿಯಲ್ಲಿ, ಹಾಗಾಗಿ ಅಂಕಿ 012ಕ್ಕಿಂತ ಕಡಿಮೆ ಇದ್ದರೆ ನೀವು ಉಣ್ಣುವುದು ಮೋಡದೊಳಗೆ. 030ರ ಮೇಲಿದ್ದರೆ ಮೋಡ ಕವಿದಿದ್ದರೂ ನಗರ ಚೆನ್ನಾಗಿಯೇ ಕಾಣುತ್ತದೆ.

ಬುಕ್ ಮಾಡುವಾಗಲೇ ಎಷ್ಟು ಗಂಟೆ ಮುಂಚಿತವಾಗಿ ದಿನ ಬದಲಾಯಿಸಬಹುದು ಎಂಬ ನಿಯಮ ಓದಿಕೊಳ್ಳಿ. ಆ ಗಡುವಿಗೆ ಸ್ವಲ್ಪ ಮೊದಲು ಮುನ್ಸೂಚನೆ ನೋಡಿ ತೀರ್ಮಾನಿಸಿ. ಮೇಲೆ ಹೋಗಿ ಕೂತ ನಂತರ ಏನೂ ಕಾಣಲಿಲ್ಲವೆಂದು ದುಡ್ಡು ವಾಪಸ್ ಕೇಳಬಹುದು ಎಂಬ ನಂಬಿಕೆಯಲ್ಲಿ ಹೋಗಬೇಡಿ. ಗಾಳಿ ತೀರಾ ಜೋರಿದ್ದ ದಿನ ಲಿಫ್ಟುಗಳು ನಿಧಾನವಾಗುತ್ತವೆ, ಅದಕ್ಕೂ ಸಮಯ ಬಿಟ್ಟುಕೊಳ್ಳಿ.

ಬುಕಿಂಗ್

ಗೋಪುರ ಹತ್ತುವ ಟಿಕೆಟ್ ಬೇರೆಯಾಗಿ ಕೊಳ್ಳಬೇಡಿ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ರೆಸ್ಟೋರೆಂಟ್‌ನಲ್ಲಿ ನಿಗದಿತ ಬೆಲೆಯ ಊಟ ಕೊಳ್ಳುವವರಿಗೆ ಮುಖ್ಯ ವೀಕ್ಷಣಾ ಮಹಡಿ ಮತ್ತು ಗಾಜಿನ ನೆಲಕ್ಕೆ ಪ್ರವೇಶ ಊಟದ ಬೆಲೆಯಲ್ಲೇ ಸೇರಿರುತ್ತದೆ. 447 ಮೀಟರ್ ಎತ್ತರದ ಮೇಲಿನ ಮಹಡಿಗೆ ಮಾತ್ರ ಬೇರೆ ದುಡ್ಡು. ಊಟದ ಬೆಲೆ ನೋಡಿ ಎದೆ ಧಸಕ್ಕೆಂದರೆ ಅದರಿಂದ ಪ್ರವೇಶ ಟಿಕೆಟ್ಟಿನ ಬೆಲೆ ಕಳೆದು ನೋಡಿ. ಹೇಗೂ ಗೋಪುರ ಹತ್ತುವವರೇ ಆಗಿದ್ದರೆ ಊಟಕ್ಕೆ ನಿಜವಾಗಿ ಬೀಳುವ ಬೆಲೆ ಅಷ್ಟೇ.

ಊಟ ತಲೆಗೆ ಇಷ್ಟು ಎಂಬ ಲೆಕ್ಕದ್ದು. "ನನಗೆ ಹಸಿವಿಲ್ಲ, ಸೊಸೆಯ ತಟ್ಟೆಯಲ್ಲೇ ಎರಡು ತುತ್ತು ತಿನ್ನುತ್ತೇನೆ" ಎನ್ನುವ ಅತ್ತೆಯವರ ಮಾತು ಇಲ್ಲಿ ನಡೆಯುವುದಿಲ್ಲ. ಕೂತ ಪ್ರತಿಯೊಬ್ಬ ದೊಡ್ಡವರೂ ಊಟ ಹೇಳಬೇಕು. ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಮೇಲೆ ಹೋದ ಮೇಲೆ ಬೆಲೆಯ ಪಟ್ಟಿ ನೋಡಿ ಅವರು ಸಂಕೋಚಪಟ್ಟುಕೊಂಡರೆ ಆ ಸಂಜೆಯೆಲ್ಲ ಅದೇ ಆಗುತ್ತದೆ.

ಕಿಟಕಿಗೆ ಅಂಟಿದ ಮೇಜುಗಳಿವೆ, ಒಳಸಾಲಿನವೂ ಇವೆ. ಟಿಪ್ಪಣಿಯಲ್ಲಿ ಕಿಟಕಿ ಪಕ್ಕ ಬೇಕೆಂದು ಬರೆಯಿರಿ, ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ. ಇಬ್ಬರೇ ಹೋಗುವುದಾದರೆ, ವಾರದ ನಡುವಿನ ದಿನವಾದರೆ, ಮಧ್ಯಾಹ್ನವಾದರೆ ಸಾಧ್ಯತೆ ಹೆಚ್ಚು. ಆರೆಂಟು ಜನರ ಗುಂಪಿಗೆ ಕಡಿಮೆ. ಒಳಸಾಲಿನಲ್ಲಿ ಕೂತರೂ ದೂರದ ನೋಟಕ್ಕೆ ಅಡ್ಡಿಯಿಲ್ಲ, ಕಡಿದಾಗಿ ಕೆಳಗೆ ನೋಡಲಾಗುವುದಿಲ್ಲ ಅಷ್ಟೇ. ಎತ್ತರಕ್ಕೆ ಹೆದರುವವರಿಗೆ ಅದೇ ವಾಸಿ.

ಸಸ್ಯಾಹಾರ: ಒಂದೊಂದನ್ನೂ ಬಿಡಿಸಿ ಹೇಳಿ

ಅಡುಗೆಯವರು ಒಂಟಾರಿಯೊ ಮತ್ತು ಕೆನಡಾದ ಪದಾರ್ಥಗಳಿಗೆ ಒತ್ತು ಕೊಡುತ್ತಾರೆ. ಮೆನು ಋತುವಿನೊಂದಿಗೆ ಬದಲಾಗುತ್ತದೆ. ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ, ಆದರೆ ಆಯ್ಕೆ ಕಡಿಮೆ. ಆ ಸಸ್ಯಾಹಾರ ನಮ್ಮ ಮನೆಯ ಸಸ್ಯಾಹಾರವೇ ಎಂದುಕೊಂಡರೆ ಮಾತ್ರ ತೊಂದರೆ.

"ವೆಜಿಟೇರಿಯನ್" ಎಂದರೆ ಇಲ್ಲಿ ಮೊಟ್ಟೆ ಸೇರುತ್ತದೆ. ಸಿಹಿತಿನಿಸುಗಳಲ್ಲಿ ಮೊಟ್ಟೆಯಿಲ್ಲದ್ದು ಅಪರೂಪ. ಕೇಕು, ಕಸ್ಟರ್ಡು, ಮೂಸ್ ಎಲ್ಲದರಲ್ಲೂ ಇರುತ್ತದೆ, ಕೆಲವದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಕೂಡ. ತರಕಾರಿ ಸೂಪನ್ನು ಕೋಳಿಯ ಮೂಳೆ ಬೇಯಿಸಿದ ನೀರಿನಲ್ಲಿ (ಸ್ಟಾಕ್) ಮಾಡಿರಬಹುದು. ಸೀಸರ್ ಸಲಾಡ್‌ನ ಡ್ರೆಸಿಂಗ್‌ಗೆ ಆಂಚೋವಿ ಮೀನು ಬೀಳುತ್ತದೆ, ವೂಸ್ಟರ್ ಸಾಸ್‌ಗೂ ಅದೇ. ಸಾಂಪ್ರದಾಯಿಕ ಪಾರ್ಮೇಸಾನ್ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಈ ಐದನ್ನು ಕೇಳಿಕೊಂಡರೆ ಸಂಶಯದ ಬಹುಪಾಲು ತೀರುತ್ತದೆ.

ಹೇಳುವ ಕ್ರಮ ಹೀಗಿರಲಿ. ಬುಕಿಂಗ್ ಟಿಪ್ಪಣಿಯಲ್ಲಿ ಯಾರು ಯಾವುದನ್ನು ತಿನ್ನುವುದಿಲ್ಲ ಎಂದು ಪಟ್ಟಿ ಮಾಡಿ: "ಇಬ್ಬರಿಗೆ ಮಾಂಸ, ಮೀನು, ಮೊಟ್ಟೆ, ಜೆಲಟಿನ್, ಮಾಂಸದ ಸ್ಟಾಕ್ ಯಾವುದೂ ಬೇಡ; ಹಾಲು, ಬೆಣ್ಣೆ, ಮೊಸರು ಆಗುತ್ತದೆ." ಕೊನೆಯ ಭಾಗ ಬಹಳ ಮುಖ್ಯ. ಅದನ್ನು ಬರೆಯದಿದ್ದರೆ ಅಡುಗೆಮನೆಯವರು ವೀಗನ್ ಎಂದುಕೊಂಡು ಬೆಣ್ಣೆ, ಕೆನೆ ಎಲ್ಲ ತೆಗೆದು ತಟ್ಟೆಯನ್ನು ಇನ್ನಷ್ಟು ಸಪ್ಪೆ ಮಾಡಿ ಕಳಿಸುತ್ತಾರೆ. ಜೈನರಾದರೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರಾದರೆ ಎರಡು ದಿನ ಮೊದಲೇ ಫೋನ್ ಮಾಡಿ. ಸಾಸುಗಳೆಲ್ಲ ಬೆಳಗ್ಗೆಯೇ ತಯಾರಾಗಿರುತ್ತವೆ, ಆ ಹೊತ್ತಿಗೆ ಅವರಾದರೂ ಏನು ಮಾಡಿಯಾರು? ಮೇಜಿಗೆ ಕೂತ ಮೇಲೆ ಸರ್ವರ್‌ಗೆ ಇನ್ನೊಮ್ಮೆ ಹೇಳಿ. ಬುಕಿಂಗ್ ಟಿಪ್ಪಣಿ ಅವರವರೆಗೂ ಮುಟ್ಟಿರದಿರಬಹುದು.

ಖಾರ ಕಡಿಮೆ. ಬೇಕಿದ್ದರೆ ಚಿಲ್ಲಿ ಫ್ಲೇಕ್ಸ್ ಅಥವಾ ಹಾಟ್ ಸಾಸ್ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಹಿರಿಯರಿಗೆ ಐದು ಗಂಟೆಗೆ ಮನೆಯಲ್ಲೇ ಒಂದಿಷ್ಟು ಅವಲಕ್ಕಿಯೋ ಮೊಸರನ್ನವೋ ಕೊಟ್ಟು ಹೊರಡಿ. ಮೂರು ಹಂತದ ಊಟದಲ್ಲಿ ಮುಖ್ಯ ತಟ್ಟೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತದೆ.

ನೀರಿನ ಬಗ್ಗೆ ಒಂದು ಮಾತು. "ಸ್ಟಿಲ್ ಅಥವಾ ಸ್ಪಾರ್ಕ್ಲಿಂಗ್?" ಎಂದು ಕೇಳಿದರೆ ಅದು ಬಾಟಲಿ ನೀರು, ಬಿಲ್ಲಿಗೆ ಸೇರುತ್ತದೆ. "ಟ್ಯಾಪ್ ವಾಟರ್" ಎನ್ನಿ. ಟೊರಾಂಟೊದ ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದಾದದ್ದು. ಐಸ್ ಬೇಡವಾದರೆ ಆಗಲೇ ಹೇಳಿ, ಇಲ್ಲವಾದರೆ ಲೋಟದ ಅರ್ಧ ಐಸೇ ಇರುತ್ತದೆ. ವೈನ್ ಕುಡಿಯುವವರಿಗೆ ಇಲ್ಲಿನ ಸಂಗ್ರಹ ದೊಡ್ಡದು, ಅತಿ ಎತ್ತರದ ವೈನ್ ಸೆಲ್ಲರ್ ಎಂದು ಗಿನ್ನೆಸ್ ದಾಖಲೆಗೂ ಹೋಗಿದೆ. ಒಂಟಾರಿಯೊದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 19, ಚಿಕ್ಕವರಂತೆ ಕಾಣುವವರು ಗುರುತಿನ ಚೀಟಿ ಇಟ್ಟುಕೊಂಡಿರಿ.

ಹತ್ತುವುದು

ಯೂನಿಯನ್ ಸ್ಟೇಷನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸ್ಕೈವಾಕ್ ಎಂಬ ಮುಚ್ಚಿದ ನಡೆದಾರಿಯಲ್ಲಿ ಸಾಗಿದರೆ ಗೋಪುರದ ಹತ್ತಿರಕ್ಕೆ ಬರುತ್ತೀರಿ. ಕಾರಿನಲ್ಲಿ ಬರುವವರು ಪಕ್ಕದ ರಾಜರ್ಸ್ ಸೆಂಟರ್‌ನಲ್ಲಿ ಆ ದಿನ ಬೇಸ್‌ಬಾಲ್ ಪಂದ್ಯ ಇದೆಯೇ ನೋಡಿಕೊಳ್ಳಿ. ಇದ್ದರೆ ಪಾರ್ಕಿಂಗ್ ಸಿಗುವುದೂ ಕಷ್ಟ, ಬೆಲೆಯೂ ದುಬಾರಿ.

ಬುಕ್ ಮಾಡಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ ತಳದಲ್ಲಿರಿ. ಭದ್ರತಾ ತಪಾಸಣೆ ಇದೆ, ದೊಡ್ಡ ಚೀಲ ತರಬೇಡಿ. ರೆಸ್ಟೋರೆಂಟ್ ಬುಕಿಂಗ್ ಇದೆಯೆಂದು ಬಾಗಿಲಲ್ಲೇ ಹೇಳಿ, ಟಿಕೆಟ್ ಸಾಲಿನಲ್ಲಿ ನಿಂತು ಹೊತ್ತು ಕಳೆಯಬೇಡಿ. ಉಡುಪಿನಲ್ಲಿ ಅಚ್ಚುಕಟ್ಟು ಸಾಕು, ಸೂಟೇ ಬೇಕೆಂದಿಲ್ಲ. ಸೀರೆ, ಸಲ್ವಾರ್ ಚೆನ್ನಾಗಿಯೇ ಒಪ್ಪುತ್ತವೆ. ಒಳಗೆ ಎಸಿ ಇರುತ್ತದೆ, ಅಮ್ಮನವರಿಗೆ ಶಾಲು ಮರೆಯಬೇಡಿ.

ಲಿಫ್ಟಿನ ಮುಂಭಾಗ ಗಾಜಿನದು, ಕೆಲವದರ ನೆಲದಲ್ಲೂ ಗಾಜಿನ ತುಂಡಿದೆ. 58 ಸೆಕೆಂಡಿನಲ್ಲಿ ಮೇಲಕ್ಕೆ ಒಯ್ಯುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ದೊಡ್ಡವರು ಎಂಜಲು ನುಂಗಿದರೆ ಸರಿಹೋಗುತ್ತದೆ, ಕೂಸಿಗೆ ಆ ಹೊತ್ತಿಗೆ ಹಾಲು ಕೊಡಿ. ತಲೆಸುತ್ತುವವರು ಬಾಗಿಲಿನ ಕಡೆ ಮುಖ ಮಾಡಿ ನಿಲ್ಲಲಿ.

ಸುತ್ತುವ ನೆಲದ ಮೇಲೆ

ಎಲ್ಲವೂ ಸುತ್ತುವುದಿಲ್ಲ ಎಂಬುದು ಮೊದಲು ತಲೆಯಲ್ಲಿರಲಿ. ಬೀಸುವ ಕಲ್ಲಿನ ಗೂಟದಂತೆ ನಡುವಿನ ಭಾಗ ನಿಂತಲ್ಲೇ ನಿಂತಿರುತ್ತದೆ. ಲಿಫ್ಟು, ಶೌಚಾಲಯ ಎಲ್ಲ ಆ ಕಡೆಗೆ. ಮೇಜುಗಳಿರುವ ಉಂಗುರದಾಕಾರದ ನೆಲ ಅದರ ಸುತ್ತ ಚಲಿಸುತ್ತದೆ. ಹೊರಗಿನ ಕಿಟಕಿಗಳು, ಕಿಟಕಿಯ ಕೆಳಗಿನ ಕಟ್ಟೆ ಮತ್ತೆ ಸ್ಥಿರ.

ಎಡವಟ್ಟುಗಳೆಲ್ಲ ಹುಟ್ಟುವುದು ಇದರಿಂದಲೇ. ಫೋನನ್ನೋ ಪರ್ಸನ್ನೋ ಕಿಟಕಿ ಕಟ್ಟೆಯ ಮೇಲಿಟ್ಟರೆ ಅದು ಅಲ್ಲೇ ಉಳಿದು ನೀವು ಮುಂದೆ ಹೋಗಿಬಿಡುತ್ತೀರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಅದು 50 ಡಿಗ್ರಿ ಹಿಂದೆ, ಇನ್ನಾರದೋ ಮೇಜಿನ ಪಕ್ಕ ಇರುತ್ತದೆ. ಚೀಲ ಕಾಲ ಬಳಿ ಇರಲಿ, ಕುರ್ಚಿಯ ಕಾಲು ಕಟ್ಟೆಗೆ ತಾಗದಿರಲಿ, ಮಕ್ಕಳ ಬೆರಳು ನೆಲ ಮತ್ತು ಕಟ್ಟೆಯ ಸಂದಿಗೆ ಹೋಗದಂತೆ ನೋಡಿಕೊಳ್ಳಿ.

ಶೌಚಾಲಯಕ್ಕೆ ಹೋಗಿ ಬರುವವರೂ ದಾರಿ ತಪ್ಪುತ್ತಾರೆ. ಬಿಟ್ಟ ಜಾಗದಲ್ಲಿ ಮೇಜು ಇರುವುದಿಲ್ಲ. ಹೊರಗೆ ಕಂಡ ಕಟ್ಟಡವನ್ನು ಗುರುತು ಇಟ್ಟುಕೊಂಡರೆ ಅದೂ ಬದಲಾಗಿರುತ್ತದೆ. ಪಕ್ಕದ ಮೇಜಿನಲ್ಲಿ ಕೂತವರ ಮುಖ ಅಥವಾ ಬಟ್ಟೆಯ ಬಣ್ಣ ನೆನಪಿಟ್ಟುಕೊಳ್ಳಿ, ಅವರು ನಿಮ್ಮೊಂದಿಗೇ ಸುತ್ತುತ್ತಿರುತ್ತಾರೆ. ಹಿರಿಯರನ್ನು ಒಬ್ಬರನ್ನೇ ಕಳಿಸಬೇಡಿ. ಸ್ಥಿರ ನೆಲದಿಂದ ಚಲಿಸುವ ನೆಲಕ್ಕೆ ಕಾಲಿಡುವಾಗ ಕೈಹಿಡಿಯಿರಿ. ವೇಗ ತೀರಾ ಕಡಿಮೆ, ಬೀಳಿಸುವಂಥದ್ದಲ್ಲ, ಆದರೂ ಆ ಒಂದು ಹೆಜ್ಜೆ ಕೆಲವರಿಗೆ ತಲೆ ತಿರುಗಿಸುತ್ತದೆ. ಕಾರಿನಲ್ಲಿ ವಾಂತಿ ಬರುವವರು ಒಳಮುಖವಾಗಿ ಕೂತರೆ ಆರಾಮ.

ನಮ್ಮಲ್ಲಿ ಊಟ ಅರ್ಧಗಂಟೆಯ ಕೆಲಸ. ಅದೇ ಚುರುಕಿನಲ್ಲಿ 40 ನಿಮಿಷಕ್ಕೆ ಮುಗಿಸಿದರೆ ಕಾಣುವುದು 200 ಡಿಗ್ರಿ ಮಾತ್ರ. ಕೂತ ಕೂಡಲೇ ಸರ್ವರ್‌ಗೆ "ನಿಧಾನವಾಗಿ ಬಡಿಸಿ, ಪೂರ್ತಿ ಸುತ್ತು ನೋಡಬೇಕು" ಎಂದು ಹೇಳಿ. ಜತೆಗೆ ಮೇಜು ಎಷ್ಟು ಹೊತ್ತಿಗೆ ಬಿಡಬೇಕು ಎಂದೂ ಕೇಳಿ ತಿಳಿದುಕೊಳ್ಳಿ.

ಏನೇನು ಕಾಣುತ್ತದೆ

ದಕ್ಷಿಣಕ್ಕೆ ಒಂಟಾರಿಯೊ ಸರೋವರ, ಅದರ ಮುಂದೆ ಟೊರಾಂಟೊ ದ್ವೀಪಗಳು, ದ್ವೀಪದ ತುದಿಯ ವಿಮಾನ ನಿಲ್ದಾಣದಲ್ಲಿ ನಿಮ್ಮ ಕಾಲ ಕೆಳಗೆ ಇಳಿಯುವ ಪ್ರೊಪೆಲ್ಲರ್ ವಿಮಾನಗಳು. ಆಗ್ನೇಯಕ್ಕೆ ವಾಲಿದ ದಕ್ಷಿಣದಲ್ಲಿ, ನೇರ ಗೆರೆಯಲ್ಲಿ 68 ಕಿಲೋಮೀಟರ್ ದೂರ ನಯಾಗರಾ. ಅಷ್ಟು ದೂರದಲ್ಲಿ ಧಾರೆಯನ್ನು ಹುಡುಕಬೇಡಿ. ತೀರಾ ತಿಳಿಯಾದ ದಿನ ಮೇಲೆದ್ದ ನೀರಿನ ಮಂಜು ಬಿಳಿ ಗರಿಯ ಹಾಗೆ ಕಂಡರೆ ಅದೇ ಪುಣ್ಯ. ಬೇಸಿಗೆಯ ಸೆಕೆಯ ದಿನಗಳಲ್ಲಿ ಮಬ್ಬಿನಿಂದಾಗಿ ಕಾಣುವುದಿಲ್ಲ. ಮಳೆ ಸುರಿದು ಉತ್ತರದ ತಂಗಾಳಿ ಬೀಸಿದ ಮರುದಿನ ಹೋಗಿ.

ಗೋಪುರಕ್ಕೆ ಅಂಟಿಕೊಂಡಂತೆ ಪಶ್ಚಿಮದಲ್ಲಿ ರಾಜರ್ಸ್ ಸೆಂಟರ್. 1989ರಲ್ಲಿ ತೆರೆದ, ಚಾವಣಿ ಸರಿಸಬಹುದಾದ ಕ್ರೀಡಾಂಗಣ. ಚಾವಣಿ ತೆರೆದ ಸಂಜೆ ಪಂದ್ಯ ನಡೆಯುವುದನ್ನು ಮೇಲಿಂದಲೇ ನೋಡಬಹುದು. ಉತ್ತರ, ಈಶಾನ್ಯಕ್ಕೆ ಬ್ಯಾಂಕುಗಳ ಗೋಪುರಗಳ ಗುಂಪು.

ಫೋಟೊ

ಫ್ಲ್ಯಾಶ್ ಆರಿಸಿ. ಫೋನಿನ ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು, ಸುತ್ತ ಅಂಗೈಯನ್ನೋ ಕಪ್ಪು ಕರವಸ್ತ್ರವನ್ನೋ ಮರೆ ಮಾಡಿ. ಇಲ್ಲವಾದರೆ ಒಳಗಿನ ದೀಪ, ನಿಮ್ಮ ಬಿಳಿ ಅಂಗಿ ಎಲ್ಲ ಗಾಜಿನಲ್ಲಿ ಮೂಡುತ್ತವೆ. ಕತ್ತಲಾದ ಮೇಲೆ ನೈಟ್ ಮೋಡ್ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನೆಲ ಕಾಲು ಡಿಗ್ರಿ ಸುತ್ತಿ ದೀಪಗಳು ಗೆರೆಗಳಾಗುತ್ತವೆ. ಗಾಜು ಸ್ಥಿರವಾಗಿರುವುದರಿಂದ ಫೋನನ್ನು ಗಾಜಿಗೇ ಒತ್ತಿ ಹಿಡಿದು, ಆ ಮೂರು ಸೆಕೆಂಡು ಮೈಯನ್ನು ಅದರ ಕಡೆಗೆ ತುಸು ವಾಲಿಸಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಮನೆಯವರ ಮುಖವೂ ಹಿಂದಿನ ನಗರವೂ ಒಟ್ಟಿಗೆ ಬೇಕೆಂದರೆ ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ತೆಗೆಯಿರಿ, ಆಗ ಒಳಗಿನ ಹೊರಗಿನ ಬೆಳಕು ಸಮ ಇರುತ್ತದೆ.

ಬಿಲ್ಲು

ಮೆನುವಿನಲ್ಲಿರುವ ಬೆಲೆಗೆ ತೆರಿಗೆ, ಟಿಪ್ಸು ಎರಡೂ ಸೇರಿರುವುದಿಲ್ಲ. ಒಂಟಾರಿಯೊದಲ್ಲಿ ಎಚ್‌ಎಸ್‌ಟಿ 13%. ಟಿಪ್ಸು 15ರಿಂದ 20%, ಇಂಥ ಜಾಗದಲ್ಲಿ 18% ವಾಡಿಕೆ. ಲೆಕ್ಕದ ಅನುಕೂಲಕ್ಕೆ ಊಟ 100 ಡಾಲರ್ ಎಂದುಕೊಳ್ಳಿ. ತೆರಿಗೆ 13, ಟಿಪ್ಸು 18, ಒಟ್ಟು 131. ಕಾರ್ಡ್ ಯಂತ್ರ ಸಾಮಾನ್ಯವಾಗಿ ತೆರಿಗೆ ಸೇರಿದ 113ರ ಮೇಲೆ 18% ಲೆಕ್ಕ ಹಾಕಿ 20.34 ತೋರಿಸುತ್ತದೆ. ತೆರಿಗೆಯ ಮೇಲೂ ಟಿಪ್ಸು ಕೊಡಲು ಇಷ್ಟವಿಲ್ಲದವರು ಶೇಕಡಾ ಬದಲು ಡಾಲರ್ ಮೊತ್ತವನ್ನೇ ಒತ್ತಬಹುದು. ದೊಡ್ಡ ಗುಂಪಾದರೆ ಟಿಪ್ಸು ಮೊದಲೇ ಬಿಲ್ಲಿಗೆ ಸೇರಿಸಿರುವ ಪದ್ಧತಿ ಹಲವೆಡೆ ಇದೆ. ಬಿಲ್ಲು ಪೂರ್ತಿ ಓದದೆ ಯಂತ್ರ ಹಿಡಿದರೆ ಎರಡು ಸಲ ಕೊಟ್ಟಂತಾಗುತ್ತದೆ.

ಊರಿಂದ ಬಂದ ಅಪ್ಪ "ಇದು ನಂದು" ಎಂದು ಭಾರತದ ಕಾರ್ಡ್ ಕೊಟ್ಟರೆ, ಯಂತ್ರ ರೂಪಾಯಿಯೋ ಡಾಲರೋ ಎಂದು ಕೇಳಿದಾಗ ಕೆನಡಾ ಡಾಲರನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರ ಯಂತ್ರದ ಕಡೆಯವರದು, ಅದು ಹೆಚ್ಚುಕಡಿಮೆ ಯಾವಾಗಲೂ ದುಬಾರಿ.

ಊಟ ಮುಗಿದ ಮೇಲೆ ನೇರ ಲಿಫ್ಟಿಗೆ ಹೋಗಬೇಡಿ. ವೀಕ್ಷಣಾ ಮಹಡಿ 346 ಮೀಟರ್‌ನಲ್ಲಿದೆ, 1994ರಲ್ಲಿ ತೆರೆದ ಗಾಜಿನ ನೆಲ 342ರಲ್ಲಿ. ಎರಡೂ ರೆಸ್ಟೋರೆಂಟಿನ ಕೆಳಗೇ, ಎರಡಕ್ಕೂ ನೀವು ದುಡ್ಡು ಕೊಟ್ಟಾಗಿದೆ. ಬಿಲ್ಲು ತೋರಿಸಬೇಕಾದೀತು, ಎಸೆಯದೆ ಇಟ್ಟುಕೊಳ್ಳಿ. ಗೋಪುರ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಸರ್ವರ್‌ರನ್ನು ಕೇಳಿ ಕನಿಷ್ಠ 40 ನಿಮಿಷ ಉಳಿಸಿಕೊಳ್ಳಿ. ಮುಚ್ಚುವ ಹೊತ್ತಿಗೆ ಕೆಳಗಿಳಿಯುವ ಲಿಫ್ಟಿನ ಸಾಲು ಉದ್ದವಾಗುತ್ತದೆ, ಯೂನಿಯನ್ ಸ್ಟೇಷನ್‌ನಿಂದ ಮಿಸಿಸಾಗಾ, ಬ್ರಾಂಪ್ಟನ್ ಕಡೆ ಹೋಗುವ ರೈಲುಗಳೂ ಆ ಹೊತ್ತಿಗೆ ವಿರಳ. ಕೊನೆಯ ರೈಲಿನ ವೇಳೆಯನ್ನು ಮನೆ ಬಿಡುವ ಮೊದಲೇ ಬರೆದಿಟ್ಟುಕೊಂಡಿರಿ.